ಕಲೆ ಯಾರದು, ಕಳವು ಯಾರದು? ಒಂದು ಪತ್ತೇದಾರಿ ಕಾದಂಬರಿ ಮತ್ತು ನನ್ನ ವಿಜ್ಞಾನ ಪಾಠ

ತರಗತಿ: 9. ವಿಷಯ: ವಿಜ್ಞಾನ. ಉಪಘಟಕ: ದ್ರಾವ್ಯ, ದ್ರಾವಕ ಮತ್ತು ದ್ರಾವಣ. ಅವಧಿ: 40 ನಿಮಿಷ.

ಬ್ಯಾಡಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಮಾಡಿದ ಆರನೆಯ ಅಭ್ಯಾಸ ಪಾಠ ಇದು. ‘ಎ’ ವಿಭಾಗದಲ್ಲಿ ಒಮ್ಮೆ ಮಾಡಿ, ನಾಲ್ಕು ದಿನ ಬಿಟ್ಟು ಅದನ್ನೇ ತಿದ್ದಿ ‘ಬಿ’ ವಿಭಾಗದಲ್ಲಿ ಮಾಡಿದೆ. ಮೊದಲನೆಯದಕ್ಕೆ ಅವಲೋಕನ ಪುಸ್ತಕದಲ್ಲಿ ‘ಪೀಠಿಕೆ ಆಕರ್ಷಕ, ಮಕ್ಕಳ ಭಾಗವಹಿಸುವಿಕೆ ಉತ್ತಮ’ ಎಂಬ ಷರಾ ಬಂತು. ಆದರೂ ಆ ಪಾಠದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಷರಾ ಬರೆದವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ.

ಪಾಠಕ್ಕೆ ನಾನು ಆರಿಸಿಕೊಂಡ ಕಥೆ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’. 1868ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಇಂಗ್ಲಿಷ್ ಕಾದಂಬರಿ. ಷರ್ಲಾಕ್ ಹೋಮ್ಸ್ ಹುಟ್ಟುವುದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಬಿ.ಎಸ್ಸಿ. ಓದುವಾಗ ರಾಣೆಬೆನ್ನೂರಿನ ಗೆಳತಿಯೊಬ್ಬಳು ಕೊಟ್ಟಿದ್ದಳು. ದಪ್ಪ ಪುಸ್ತಕ, ಮೊದಲ ಪುಟಗಳಲ್ಲೇ ಶ್ರೀರಂಗಪಟ್ಟಣ ಬರದಿದ್ದರೆ ಬಹುಶಃ ಮುಚ್ಚಿಡುತ್ತಿದ್ದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬಿದ್ದ ದಿನ, ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಹಳದಿ ವಜ್ರವೊಂದನ್ನು ಕಾವಲುಗಾರರ ಹೆಣಗಳ ನಡುವೆ ನಿಂತು ಎತ್ತಿಕೊಳ್ಳುತ್ತಾನೆ. ಕೋಟೆ ಬಿದ್ದದ್ದು ಇತಿಹಾಸ, ವಜ್ರ ಕಾದಂಬರಿಕಾರನ ಕಲ್ಪನೆ. ಇದನ್ನು ಬರೆದಿಡುವವನು ಅಧಿಕಾರಿಯ ದಾಯಾದಿ. ಅವನಿಗೂ ಕೊಂದದ್ದು ಕಣ್ಣಾರೆ ಕಂಡಿಲ್ಲ. ಮನಸ್ಸಿಗೆ ಖಾತ್ರಿಯಿದೆ, ಸಾಕ್ಷ್ಯ ಇಲ್ಲ.

ಆ ವಜ್ರ ಐವತ್ತು ವರ್ಷದ ಮೇಲೆ ಇಂಗ್ಲೆಂಡಿನ ಒಂದು ಶ್ರೀಮಂತ ಮನೆಗೆ, ಅವನ ತಂಗಿಯ ಮಗಳಾದ ರೇಚಲ್‌ಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಬೆಳಿಗ್ಗೆ ಎದ್ದವರೆಲ್ಲ ಮೊದಲು ನೋಡುವುದು ಆಳುಗಳ ಕಡೆಗೆ. ರೊಸಾನಾ ಎಂಬ ಕೆಲಸದ ಹುಡುಗಿ ಹಿಂದೆ ಕಳ್ಳತನ ಮಾಡಿ ಸೆರೆಮನೆ ಕಂಡು ಬಂದವಳು. ಊರಿಗೆ ಬಂದ ಮೂವರು ಭಾರತೀಯ ದೊಂಬರಾಟದವರೂ ಇದ್ದಾರೆ. ಅವರು ನಿಜವಾಗಿ ವಜ್ರದ ಬೆನ್ನು ಹತ್ತಿ ವೇಷ ಮರೆಸಿ ಬಂದ ಬ್ರಾಹ್ಮಣರು. ಮನೆಯವರನ್ನು ಅನುಮಾನಿಸುವ ಮಾತೇ ಯಾರ ಬಾಯಲ್ಲೂ ಬರುವುದಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಈ ಪುಸ್ತಕದಲ್ಲಿ ಬೇಕಾದ್ದು ಒಂದು ಬಣ್ಣದ ಕಲೆ. ರೇಚಲ್‌ಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದರು. ಅದರ ಒಂದು ಕಡೆ ಬಟ್ಟೆ ತಾಗಿ ಬಣ್ಣ ಒರೆಸಿದಂತಾಗಿದೆ. ಸ್ಥಳೀಯ ಪೊಲೀಸ್ ಅಧಿಕಾರಿ ‘ಆಳು ಹೆಂಗಸರ ಸೀರೆ ತಾಗಿದೆ’ ಎನ್ನುವ ಧಾಟಿಯಲ್ಲಿ ಅದನ್ನು ತಳ್ಳಿಹಾಕುತ್ತಾನೆ (ಅಲ್ಲಿ ಲಂಗ, ಮಕ್ಕಳಿಗೆ ನಾನು ಸೀರೆ ಎಂದೇ ಹೇಳಿದೆ). ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್ ಹಾಗೆ ಬಿಡುವವನಲ್ಲ. ಗುಲಾಬಿ ಗಿಡಗಳ ಹುಚ್ಚು ಇರುವ ಮುದುಕ. ಅವನು ಕೇಳುವುದು ಗಂಟೆಗಳ ಲೆಕ್ಕ. ಬಣ್ಣ ಹಚ್ಚಿ ಮುಗಿದದ್ದು ಬುಧವಾರ ಮಧ್ಯಾಹ್ನ 3ಕ್ಕೆ. ಒಣಗಲು 12 ಗಂಟೆ ಬೇಕು, ಅಂದರೆ ಗುರುವಾರ ಬೆಳಗಿನ ಜಾವ 3ಕ್ಕೆ ಒಣಗಿದೆ. ಬುಧವಾರ ರಾತ್ರಿ 12ಕ್ಕೆ ನೋಡಿದವಳು ಬಾಗಿಲು ಚೆನ್ನಾಗಿತ್ತು ಎನ್ನುತ್ತಾಳೆ. ಆಳುಗಳು ಬಾಗಿಲ ಬಳಿ ಗುಂಪುಗೂಡಿದ್ದು ಗುರುವಾರ ಬೆಳಿಗ್ಗೆ 11ಕ್ಕೆ. ಒಣಗಿ ಎಂಟು ಗಂಟೆಯಾದ ಬಣ್ಣಕ್ಕೆ ಯಾವ ಬಟ್ಟೆ ತಾಗಿದರೇನು? ಕಲೆ ಆದದ್ದು ರಾತ್ರಿ 12 ಮತ್ತು 3ರ ನಡುವೆ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದು, ಗಂಟೆ ಗುರುತು ಹಾಕಿ ಬಿಟ್ಟರೆ ಸಾಕು, ಮಕ್ಕಳೇ ಉತ್ತರ ತೆಗೆಯುತ್ತಾರೆ. ಎರಡೂ ವಿಭಾಗಗಳಲ್ಲಿ ತೆಗೆದರು.

ಈಗ ನನ್ನ ‘ಎ’ ವಿಭಾಗದ ಪಾಠಕ್ಕೆ ಬರುತ್ತೇನೆ. ಕಾದಂಬರಿಯ ಮಾದರಿಯಲ್ಲಿ ನಾನೇ ಒಂದು ಪುಟ್ಟ ಕಥೆ ಕಟ್ಟಿದೆ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರ ಮನೆ, ಮಗಳ ಹುಟ್ಟುಹಬ್ಬ, ಕಪಾಟಿನಲ್ಲಿಟ್ಟ ಉಂಗುರ ಕಾಣೆ, ಕಪಾಟಿನ ಪರದೆಯ ಮೇಲೆ ಕೆಂಪು ಕಲೆ. ಮೂವರ ಮೇಲೆ ಸಂಶಯ. ಅಡುಗೆಮನೆಯಲ್ಲಿ ಖಾರದಪುಡಿ ಮುಟ್ಟುವ ಕೆಲಸದಾಕೆ, ಲೆಕ್ಕದ ಪುಸ್ತಕಕ್ಕೆ ಕೆಂಪು ಶಾಯಿ ಬಳಸುವ ಗುಮಾಸ್ತ, ಆರತಿ ತಟ್ಟೆ ಹಿಡಿದಿದ್ದ ಸೋದರಳಿಯ. ಮೂರು ಕೆಂಪು, ಮೂರು ದ್ರಾವಕ. ಶಾಯಿ ನೀರಿನಲ್ಲಿ ಹರಡುತ್ತದೆ. ಖಾರದಪುಡಿಯ ಬಣ್ಣ ನೀರಿಗೆ ಬರುವುದಿಲ್ಲ, ಎಣ್ಣೆಗೆ ಬರುತ್ತದೆ. ಅರಿಶಿನ ಸುಣ್ಣ ಕಲೆಸಿದ ಆರತಿಯ ಕೆಂಪು ನಿಂಬೆರಸ ಬಿದ್ದರೆ ಹಳದಿಗೆ ತಿರುಗುತ್ತದೆ. ಮೂರನೆಯದು ದ್ರಾವಣದ ಪಾಠವಲ್ಲ, ಆಮ್ಲ ಪ್ರತ್ಯಾಮ್ಲದ್ದು ಎಂದು ನನಗೂ ಗೊತ್ತು. ಏಳನೇ ತರಗತಿಯಲ್ಲಿ ಓದಿದ್ದು ನೆನಪಾಗಲಿ ಎಂದು ಸೇರಿಸಿದೆ.

ಪೀಠಿಕೆಗೆ ಮೂವರ ಹೆಸರನ್ನೂ ಹಲಗೆಯ ಮೇಲೆ ಬರೆದೆ. ಕುತೂಹಲ ಹುಟ್ಟಲೆಂದು ಕೆಲಸದಾಕೆಯ ಹೆಸರಿನ ಮುಂದೆ ‘ಹಿಂದಿನ ಮನೆಯಲ್ಲಿ ಕಳ್ಳತನದ ಆರೋಪ’ ಎಂದೂ ಬರೆದೆ, ರೊಸಾನಾಳ ಹಾಗೆ. ‘ಯಾರು ಕದ್ದಿರಬಹುದು, ಕೈ ಎತ್ತಿ’ ಎಂದೆ. ಮುಕ್ಕಾಲು ಪಾಲು ಕೈಗಳು ಒಂದೇ ಹೆಸರಿಗೆ ಎದ್ದವು.

“ಕೆಲಸದಾಕಿನ ರೀ ಟೀಚರ್. ಒಮ್ಮೆ ಕದ್ದಾಕಿ ಮತ್ತ ಬಿಡ್ತಾಳೇನ್ರಿ?”

ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಪ್ರಯೋಗ ಮಾಡಿ ಕಲೆ ಆರತಿಯದು ಎಂದು ತೋರಿಸಿ, ‘ನೋಡಿದಿರಾ, ಕದ್ದವನು ಸೋದರಳಿಯ!’ ಎಂದು ಪಾಠ ಮುಗಿಸಿದೆ. ಚಪ್ಪಾಳೆ ಬಿತ್ತು.

ವಿರಾಮದ ಹೊತ್ತಿಗೆ ಎರಡನೇ ಬೆಂಚಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅವಳು ಯಾರಿಗೂ ಕೈ ಎತ್ತಿರಲಿಲ್ಲ. “ಟೀಚರ್, ಆಕಿ ಹೆಸರು ಯಾಕ ಮೊದಲ ಬರದ್ರಿ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳ ತಾಯಿ ಮನೆಗೆಲಸಕ್ಕೆ ಹೋಗುತ್ತಾರೆ, ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ ಎಂದು ತರಗತಿ ಶಿಕ್ಷಕಿಯಿಂದ ಆಮೇಲೆ ತಿಳಿಯಿತು.

ಅಂದು ಸಂಜೆ ಹಾವೇರಿಗೆ ಬಸ್ಸಿನಲ್ಲಿ ಬರುವಾಗ ಕಾದಂಬರಿಯ ಉಳಿದ ಭಾಗ ಬೇರೆಯೇ ಆಗಿ ನೆನಪಾಯಿತು. ರೊಸಾನಾ ಕದ್ದಿರಲಿಲ್ಲ. ಬಣ್ಣ ಮೆತ್ತಿದ ನಿಲುವಂಗಿ ತಾನು ಮನಸ್ಸಿನಲ್ಲೇ ಪ್ರೀತಿಸಿದ ಫ್ರಾಂಕ್ಲಿನ್ ಬ್ಲೇಕ್‌ನದು ಎಂದು ತಿಳಿದು ಅದನ್ನು ಬಚ್ಚಿಟ್ಟಳು. ಅವಳ ಓಡಾಟ ನೋಡಿದ ಕಫ್ ಕೂಡ, ಅಷ್ಟು ಚೆನ್ನಾಗಿ ಗಂಟೆ ಲೆಕ್ಕ ಹಾಕಿದವನು, ಅವಳೂ ರೇಚಲ್‌ಳೂ ಸೇರಿ ವಜ್ರ ಮುಚ್ಚಿಟ್ಟಿದ್ದಾರೆಂದು ತಪ್ಪು ತಿಳಿದ. ರೊಸಾನಾ ಸತ್ತೇ ಹೋದಳು (ಹೇಗೆ ಎಂಬುದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ). ನಿಲುವಂಗಿ ಸಿಕ್ಕಾಗ ಅದರ ಮೇಲಿದ್ದ ಹೆಸರು, ತನಿಖೆಗೆ ಎಲ್ಲರಿಗಿಂತ ಹೆಚ್ಚು ಓಡಾಡಿದ ಫ್ರಾಂಕ್ಲಿನ್‌ನದೇ. ಕಲೆ ಅವನದು, ವಜ್ರ ಎತ್ತಿದವನೂ ಅವನೇ. ಆದರೆ ವೈದ್ಯನೊಬ್ಬ ವಾದದಲ್ಲಿ ಗೆಲ್ಲಲೆಂದು ಹೇಳದೆ ಕೇಳದೆ ಕುಡಿಸಿದ ಅಫೀಮಿನ ಅಮಲಿನಲ್ಲಿ ಎತ್ತಿದ್ದ, ನೆನಪೇ ಇರಲಿಲ್ಲ. ರೇಚಲ್ ಅದನ್ನು ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲ. ಕೊನೆಗೆ ವಜ್ರವನ್ನು ತನ್ನದಾಗಿಸಿಕೊಂಡವನು ಗಾಡ್‌ಫ್ರೀ ಎಂಬ ಇನ್ನೊಬ್ಬ ನೆಂಟ, ದಾನಧರ್ಮದ ಸಭೆಗಳಲ್ಲಿ ಹೆಸರು ಮಾಡಿದವನು, ಇನ್ನೊಬ್ಬರ ದುಡ್ಡನ್ನು ನುಂಗಿ ಸಾಲದಲ್ಲಿದ್ದವನು.

ಅಂದರೆ ನಾನು ಎರಡು ತಪ್ಪು ಮಾಡಿದ್ದೆ. ಪುರಾವೆ ನೋಡುವ ಮೊದಲೇ ಮತ ಹಾಕಿಸಿದ್ದೆ. ಕಲೆ ಸಿಕ್ಕ ಕೂಡಲೇ ಕಳ್ಳ ಸಿಕ್ಕ ಎಂದಿದ್ದೆ. ಎರಡನೆಯದು ವಿಜ್ಞಾನದ ತಪ್ಪು. ನಿಂಬೆರಸ ಹೇಳಿದ್ದು ‘ಇದು ಅರಿಶಿನ ಸುಣ್ಣ’ ಎಂದು ಮಾತ್ರ.

‘ಬಿ’ ವಿಭಾಗದಲ್ಲಿ ಕಥೆ ಅದೇ, ಆದರೆ ಯಾರ ಪೂರ್ವಕಥೆಯೂ ಇಲ್ಲ. ಹೆಸರುಗಳ ಬದಲು ಗಂಟೆಗಳನ್ನು ಬರೆದೆ. ಪ್ರತಿ ಗುಂಪಿಗೂ ಎರಡು ಕಾಲಂ ಹಾಕಿಸಿದೆ, ‘ಕಂಡದ್ದು’ ಮತ್ತು ‘ಅಂದುಕೊಂಡದ್ದು’. ಪ್ರಯೋಗ ಮುಗಿಯುವವರೆಗೆ ಎರಡನೆಯ ಕಾಲಂ ಮುಟ್ಟುವಂತಿಲ್ಲ. ಖಾರದಪುಡಿ ಕೆಲಸದಾಕೆಯ ಗುರುತು ಎಂದು ನಾನು ಹೇಳುವಷ್ಟರಲ್ಲಿ ಹಿಂದಿನಿಂದ ಒಬ್ಬ, “ನಮ್ಮೂರಾಗ ಯಾರ ಕೈ ಕೆಂಪಿಲ್ರಿ ಟೀಚರ್? ಸಾವ್ಕಾರ್ದೂ ಕೆಂಪನ ಇರತೈತಿ” ಎಂದ. ಕಡ್ಡಿ, ಡಬ್ಬಿ ಎಂದು ಮೆಣಸಿನಕಾಯಿಯನ್ನು ನೋಡಿಯೇ ಹೇಳುವ ಮಕ್ಕಳು. ನನ್ನ ಕಥೆಯ ದೊಡ್ಡ ತೂತನ್ನು ಅವನು ಹಿಡಿದಿದ್ದ. ಆ ಮಾತಿನಿಂದಲೇ, ಈ ಬಣ್ಣ ಏಕೆ ಎಣ್ಣೆಗೆ ಮಾತ್ರ ಬಿಡುತ್ತದೆ ಎಂಬ ಚರ್ಚೆಗೆ ಹೋದೆವು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವಸ್ತು, ಕೊಬ್ಬಿನಲ್ಲಿ ಕರಗುವಂಥದ್ದು. ಒಗ್ಗರಣೆಯ ಎಣ್ಣೆ ಕೆಂಪಾಗುವುದನ್ನು ದಿನವೂ ನೋಡುವ ಮಕ್ಕಳಿಗೆ ‘ದ್ರಾವಕ’ ಎಂಬ ಪದದ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ಕಲೆ ಆರತಿಯದೆಂದು ಗೊತ್ತಾದ ಮೇಲೆ ‘ಹಾಗಾದರೆ ಕದ್ದವನು ಸೋದರಳಿಯನೇ?’ ಎಂದು ಕೇಳಿ ಸುಮ್ಮನಾದೆ. ಆರತಿ ತಟ್ಟೆಯನ್ನು ಬೇರೆ ಯಾರೆಲ್ಲ ಮುಟ್ಟಿದ್ದರು? ಪರದೆ ಸರಿಸಿದವರೆಲ್ಲ ಉಂಗುರ ತೆಗೆದರೆ? ಪ್ರಶ್ನೆಗಳು ಬರುತ್ತಲೇ ಇದ್ದವು. ಆಗ ಮೂನ್‌ಸ್ಟೋನ್ ಕಥೆ ಹೇಳಿದೆ. ಎಜ್ರಾ ಜೆನಿಂಗ್ಸ್ ಎಂಬ ವೈದ್ಯನ ಸಹಾಯಕ ವರ್ಷದ ಮೇಲೆ ಅದೇ ಮನೆ, ಅದೇ ಕೋಣೆ, ಅದೇ ಔಷಧಿ, ಸಾಕ್ಷಿಗಳ ಎದುರು ಆ ರಾತ್ರಿಯನ್ನು ಮತ್ತೆ ನಡೆಸಿ ನೋಡುವ ಭಾಗ ಅವರಿಗೆ ತುಂಬ ಹಿಡಿಸಿತು. ಪ್ರಯೋಗ ಅರ್ಧ ಮಾತ್ರ ಫಲಿಸುತ್ತದೆ. ಫ್ರಾಂಕ್ಲಿನ್ ಹರಳನ್ನು ಎತ್ತುತ್ತಾನೆ, ಆದರೆ ಎಲ್ಲಿಡುತ್ತಾನೆಂದು ತಿಳಿಯುವ ಮೊದಲೇ ಅದು ಕೈಯಿಂದ ಬಿದ್ದು, ಅವನು ನಿದ್ದೆ ಹೋಗುತ್ತಾನೆ. ಅಫೀಮು ಹೀಗೆಲ್ಲ ಮಾಡಿಸುತ್ತದೆಂದು ನಾನು ನಂಬುವುದಿಲ್ಲ. ಕಾಲಿನ್ಸ್ ಸ್ವತಃ ನೋವಿಗೆ ಅಫೀಮಿನ ದ್ರಾವಣ ಕುಡಿಯುತ್ತಿದ್ದವನು, ಅವನಿಗೆ ಅದರ ಮೇಲೆ ನಂಬಿಕೆ ಜಾಸ್ತಿ. ಮಾರ್ಗದರ್ಶಕರ ಸಲಹೆಯಂತೆ ತರಗತಿಯಲ್ಲಿ ‘ಒಂದು ಔಷಧಿ’ ಎಂದಷ್ಟೇ ಹೇಳಿದೆ. ಪರಿಸ್ಥಿತಿ ಬದಲಿಸದೆ ಪ್ರಯೋಗವನ್ನು ಮರಳಿ ಮಾಡುವುದು ಎಂದರೇನು ಎಂಬುದಕ್ಕೆ ಉದಾಹರಣೆಯಾಗಿ ಅದು ಸಾಕು.

ಗಂಟೆ ಹೊಡೆಯುವ ಹೊತ್ತಿಗೆ ಒಬ್ಬಳು, “ಟೀಚರ್, ವಜ್ರ ಮೊದಲ ಯಾರ್ದು ರೀ?” ಎಂದಳು. ಕಾದಂಬರಿಯ ಪ್ರಕಾರ ಸೋಮನಾಥದ ಚಂದ್ರದೇವನ ವಿಗ್ರಹದ್ದು, ಕೊನೆಗೆ ಆ ಮೂವರು ಬ್ರಾಹ್ಮಣರು ಗಾಡ್‌ಫ್ರೀಯನ್ನು ಕೊಂದು ಅದನ್ನು ಒಯ್ಯುತ್ತಾರೆ. ‘ಹಾಗಾದ್ರ ಆ ಮನಿಯವರು ಎಲ್ಲಾರೂ ಕದ್ದ ಮಾಲನ್ನ ಹುಡುಕಾಕ ಹತ್ತಿದ್ರು’ ಎಂದು ಇನ್ನೊಬ್ಬ ಲೆಕ್ಕ ಮುಗಿಸಿದ. ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘನನ್ನು ಅಟ್ಟಿಕೊಂಡು ಅದೇ ಇಂಗ್ಲಿಷ್ ಸೇನೆ 1800ರಲ್ಲಿ ನಮ್ಮ ರಾಣೆಬೆನ್ನೂರಿಗೂ ಬಂದು ಕೋಟೆ ಹಿಡಿಯಿತು ಎಂದು ಹೇಳಲು ಹೊರಟೆ, ಸಮಾಜ ವಿಜ್ಞಾನದ ಸರ್ ಬಾಗಿಲಲ್ಲಿ ನಿಂತಿದ್ದರು. ಮೌಲ್ಯಮಾಪನದ ಪ್ರಶ್ನೆಗಳು ಉಳಿದೇ ಹೋದವು.

‘ಎ’ ವಿಭಾಗದಲ್ಲಿ ಇಪ್ಪತ್ತು ನಿಮಿಷ ಕೇಳಿ ಪಡೆದು, ಹಿಂದಿನ ಪಾಠದಲ್ಲಿ ನಾನು ಎಲ್ಲಿ ತಪ್ಪಿದೆ ಎಂದು ಹೇಳಿ ಎರಡು ಕಾಲಂಗಳನ್ನು ಅವರಿಂದಲೂ ಬರೆಸಿದೆ. ಎರಡನೇ ಬೆಂಚಿನ ಹುಡುಗಿ ‘ಕಂಡದ್ದು’ ಕೆಳಗೆ ‘ನಿಂಬಿಹಣ್ಣಿನ ರಸಕ್ಕೆ ಕಲೆ ಹಳದಿ ಆಯಿತು’ ಎಂದು ಬರೆದು, ‘ಅಂದುಕೊಂಡದ್ದು’ ಖಾಲಿ ಬಿಟ್ಟಿದ್ದಳು. ಪೂರ್ತಿ ಅಂಕ ಕೊಟ್ಟೆ. ಖಾಲಿ ಕಾಲಂಗೆ ಅಂಕ ಹೇಗೆ ಎಂದು ಮಾರ್ಗದರ್ಶಕರು ಕೇಳಿದರು, ನಮ್ಮಿಬ್ಬರ ನಡುವೆ ಆ ವಾದ ಇನ್ನೂ ಮುಗಿದಿಲ್ಲ.

ಈ ಪಾಠ ಮಾಡುವವರಿಗೆ ಒಂದೆರಡು ಮಾತು. ಅಂಗಡಿಯ ಕುಂಕುಮ ತರಬೇಡಿ. ಎಷ್ಟೋ ಪುಡಿಗಳು ಕೃತಕ ಬಣ್ಣದವು, ನಿಂಬೆರಸಕ್ಕೆ ಹಳದಿಯಾಗುವುದಿಲ್ಲ. ಹಿಂದಿನ ದಿನ ಮನೆಯಲ್ಲಿ ನೋಡಿ ನನಗೆ ತಿಳಿಯಿತು. ಅರಿಶಿನ ಮತ್ತು ಎಲೆ ಅಡಿಕೆಯ ಸುಣ್ಣವನ್ನು ನೀವೇ ಕಲೆಸಿ, ಬಿಳಿ ಹತ್ತಿ ಬಟ್ಟೆಗೆ ಹಚ್ಚಿ ಪೂರ್ತಿ ಒಣಗಿಸಿ. ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ. ಕೆಲವು ಕೆಂಪು ಶಾಯಿಗಳೂ ನಿಂಬೆರಸಕ್ಕೆ ಬಣ್ಣ ಬದಲಿಸಬಹುದು, ಆದ್ದರಿಂದ ನೀರಿನ ಹನಿ ಮೊದಲು, ಎಣ್ಣೆ ಆಮೇಲೆ, ನಿಂಬೆ ಕೊನೆಗೆ. ಖಾರದಪುಡಿಯ ಕಲೆಯ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಐದು ನಿಮಿಷವಾದರೂ ಬಿಡಿ. ಕೈ ತೊಳೆಯಲು ಸೋಪು, ಒಂದು ಬಕೆಟ್ ನೀರು ಮೊದಲೇ ಇಟ್ಟುಕೊಳ್ಳಿ, ಖಾರದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುವವರು ಪ್ರತಿ ತರಗತಿಯಲ್ಲೂ ಒಬ್ಬರು ಇರುತ್ತಾರೆ.