ಧಾರೆಗೊಂದು ಬೇಸ್, ಆರತಕ್ಷತೆಗೊಂದು ಬೇಸ್

ಹಳೆ ಮೈಸೂರು ಕಡೆ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಅದೇ ಹುಡುಗಿ, ಅದೇ ಮುಖ. ಆದರೆ ಸಂಜೆ ಅವಳು ನಿಲ್ಲುವುದು ಎಲ್‌ಇಡಿ ದೀಪಗಳ ಮುಂದೆ, ಬೆಳಗ್ಗೆ ಕೂರುವುದು ಹೋಮದ ಹೊಗೆಯ ಪಕ್ಕ. ಮದುಮಗಳ ಮೇಕಪ್ಪನ್ನೇ ಕಸುಬು ಮಾಡಿಕೊಂಡ ನನಗೆ ಬೇಸ್ ಹಾಕುವುದನ್ನು ಕಲಿಸಿದ್ದು ಈ ಎರಡು ಹೊತ್ತುಗಳೇ. ಕಣ್ಣು, ತುಟಿ, ಜಡೆಯ ಮಾತು ಇನ್ನೊಮ್ಮೆ ಆಡೋಣ.

1. ಕವರೇಜ್ ಅರ್ಧ ಬಾಟಲಿಯಲ್ಲಿದೆ, ಅರ್ಧ ಕೈಯಲ್ಲಿ

ಲೈಟ್, ಮೀಡಿಯಂ, ಫುಲ್ ಎಂದು ಮೂರು ಫೌಂಡೇಶನ್ ಕೊಳ್ಳುವವರಿದ್ದಾರೆ. ಮೀಡಿಯಂ ಒಂದಿದ್ದರೆ ಸಾಕು. ನೀರಲ್ಲಿ ನೆನೆಸಿ ಹಿಂಡಿದ ಸ್ಪಾಂಜಿನಲ್ಲಿ ಒತ್ತಿದರೆ ಅದು ತೆಳ್ಳಗೆ ಕೂರುತ್ತದೆ. ಒತ್ತಾದ ಕೂದಲಿನ ಬ್ರಶ್ಶಿನಲ್ಲಿ ಹಚ್ಚಿದರೆ ಮೀಡಿಯಂ. ಒಂದೆರಡು ನಿಮಿಷ ಬಿಟ್ಟು, ಬೇಕಾದ ಕಡೆಗೆ ಮಾತ್ರ ಎರಡನೇ ಪದರ ಕೊಟ್ಟು, ಕಲೆಗಳ ಮೇಲೆ ಕನ್ಸೀಲರ್ ತಟ್ಟಿದರೆ ಫುಲ್. ಮೊದಲ ಪದರಕ್ಕೆ ಒಂದು ಪಂಪ್ ಧಾರಾಳ. ಮೂಗಿನ ಅಕ್ಕಪಕ್ಕ, ಬಾಯಿಯ ಸುತ್ತ, ಗದ್ದ, ಹೆಚ್ಚಿನವರ ಬಣ್ಣ ಏರುಪೇರಾಗಿರುವುದು ಇಲ್ಲೇ. ಇಲ್ಲಿಂದ ಶುರುಮಾಡಿ ಕಿವಿಯ ಹತ್ತಿರ ಹೋಗುವಷ್ಟರಲ್ಲಿ ಬ್ರಶ್ಶಿನಲ್ಲಿ ಏನೂ ಉಳಿದಿರಬಾರದು. ಎರಡನೇ ಪದರವನ್ನು ಎಳೆಯಬೇಡಿ, ತಟ್ಟಿ. ಎಳೆದರೆ ಕೆಳಗಿನದೂ ಎದ್ದು ಬರುತ್ತದೆ.

2. ಕಣ್ಣ ಕೆಳಗಿನ ಕಪ್ಪಿಗೆ ಕಿತ್ತಳೆ

ಮುಖ ಬೂದಿ ಬಳಿದಂತೆ ಕಾಣಿಸಿದರೆ ಜನ ಫೌಂಡೇಶನ್ನನ್ನು ಬೈಯುತ್ತಾರೆ. ಹಲವು ಸಲ ತಪ್ಪಿರುವುದು ಅದರ ಕೆಳಗೆ. ನಮ್ಮ ಗೋಧಿ, ಕಂದು ಚರ್ಮದಲ್ಲಿ ಕಣ್ಣ ಕೆಳಗಿನ ಕಪ್ಪು ಬರೀ ಕಪ್ಪಾಗಿರುವುದಿಲ್ಲ, ನೀಲಿ ಬೆರೆತಿರುತ್ತದೆ. ಅದರ ಮೇಲೆ ತಿಳಿ ಬಣ್ಣದ ಕನ್ಸೀಲರ್ ಹಾಕಿದರೆ ಎರಡೂ ಸೇರಿ ಬೂದು. ನೀಲಿಗೆ ಎದುರು ಬಣ್ಣ ಕಿತ್ತಳೆ. ಹಾಗಾಗಿ ಮೊದಲು ಕಿತ್ತಳೆ ಕರೆಕ್ಟರನ್ನು ಉಂಗುರದ ಬೆರಳಿನಲ್ಲಿ, ಆ ಕಪ್ಪಿನಷ್ಟೇ ಜಾಗಕ್ಕೆ, ಚರ್ಮ ಕಾಣುವಷ್ಟು ತೆಳ್ಳಗೆ ಒತ್ತಬೇಕು. ಬಣ್ಣ ತಿಳಿಯಿದ್ದವರಿಗೆ ಪೀಚ್ ಸಾಕು, ಗಾಢವಾದಷ್ಟೂ ಕಿತ್ತಳೆ ಕೆಂಪಿನತ್ತ ಸರಿಯಬೇಕು. ಬಾಯಿಯ ಸುತ್ತಲಿನ ಕಪ್ಪಿಗೂ ಕೆನ್ನೆಯ ಬಂಗಿಗೂ ಇದೇ ದಾರಿ. ಕೆಂಪು ಮೊಡವೆಗೆ ಹಸಿರು ಎನ್ನುತ್ತಾರೆ, ನಿಜವೇ, ಆದರೆ ಕಂದು ಚರ್ಮಕ್ಕೆ ಅದರ ಅಗತ್ಯ ಬೀಳುವುದು ಅಪರೂಪ. ಕರೆಕ್ಟರ್ ಸರಿಯಾಗಿ ಕೂತರೆ ಮೇಲಿನ ಫೌಂಡೇಶನ್ ಅರ್ಧಕ್ಕರ್ಧ ಉಳಿಯುತ್ತದೆ. ಫುಲ್ ಕವರೇಜ್ ಹಾಕಿಯೂ ಮುಖ ಮುಖದ ಹಾಗೇ ಉಳಿಯುವ ಗುಟ್ಟು ಇದೊಂದೇ.

ತೊನ್ನಿನ ಕಲೆಯ ಲೆಕ್ಕ ಬೇರೆ. ಅಲ್ಲಿ ಬಿಳುಪನ್ನು ಸುತ್ತಲಿನ ಬಣ್ಣಕ್ಕೆ ತರಬೇಕು. ಅದಕ್ಕೆಂದೇ ಕ್ರಯೊಲಾನ್‌ನ ಡರ್ಮಾಕಲರ್‌ನಂಥ ದಪ್ಪ ಕ್ರೀಮುಗಳಿವೆ. ಕಲೆಯ ಮೇಲೆ ತಟ್ಟಿ, ಅಂಚನ್ನು ಕರಗಿಸಿ, ಪೌಡರ್ ಒತ್ತಿ ಕೂರಿಸಬೇಕು.

3. ದಪ್ಪದ್ದು ಚುಕ್ಕಿಗೆ, ತೆಳುವಾದದ್ದು ಮುಖಕ್ಕೆ

1930ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಪ್ಯಾನ್‌ಕೇಕ್ ಮೇಕಪ್ ಮಾಡಿದ್ದು ಟೆಕ್ನಿಕಲರ್ ಸಿನಿಮಾಕ್ಕೆ; ಅದುವರೆಗಿನ ಜಿಡ್ಡು ಬಣ್ಣಗಳು ಆ ಕ್ಯಾಮೆರಾಕ್ಕೆ ಹೊಳೆಯುತ್ತಿದ್ದವು. ಟಿವಿ ಪೇಂಟ್ ಸ್ಟಿಕ್ ಎಂಬ ದಪ್ಪ ಫೌಂಡೇಶನ್ನಿನ ಹೆಸರಲ್ಲೇ ಟಿವಿ ಇದೆ. ಎರಡೂ ಕ್ಯಾಮೆರಾದ ಮಕ್ಕಳು. ಆದರೆ ಮಂಟಪದಲ್ಲಿ ಅತ್ತೆ, ಚಿಕ್ಕಮ್ಮಂದಿರು ಒಂದು ಮೊಳ ದೂರದಿಂದ ನೋಡುತ್ತಾರೆ. ಹಾಗಾಗಿ ಸ್ಟಿಕ್ಕನ್ನು ಕಲೆಯ ಮೇಲಷ್ಟೇ ಇಡುತ್ತೇನೆ, ಉಳಿದ ಕಡೆ ಲಿಕ್ವಿಡ್.

4. ಒದ್ದೆ ಮೊದಲು, ಪುಡಿ ಆಮೇಲೆ

ಪೌಡರ್ ಹಾಕಿದ ಮೇಲೆ ಕ್ರೀಮ್ ಹಚ್ಚಿದರೆ ತೇಪೆ ಬೀಳುತ್ತದೆ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

5. ಪ್ರೈಮರ್‌ಗೂ ಫೌಂಡೇಶನ್‌ಗೂ ಜಾತಕ ನೋಡಿ

ಕೂಡದ ಎರಡು ಒಂದರ ಮೇಲೊಂದು ಬಿದ್ದರೆ ಬೇಸ್ ಸಣ್ಣ ಉಂಡೆಗಳಾಗಿ ಕಿತ್ತು ಬರುತ್ತದೆ. ಡೈಮೆಥಿಕೋನ್‌ನಂತೆ 'ಕೋನ್' ಎಂದು ಮುಗಿಯುವ ಹೆಸರು ಲೇಬಲ್ಲಿನ ಮೇಲ್ಸಾಲಿನಲ್ಲೇ ಇದ್ದರೆ ಅದು ಸಿಲಿಕೋನಿನ ಬಳಗ. ಆದರೆ ಲೇಬಲ್ ಒಂದನ್ನೇ ನಂಬುವಂತಿಲ್ಲ: ಎಷ್ಟೋ ಫೌಂಡೇಶನ್‌ಗಳಲ್ಲಿ ಮೊದಲ ಹೆಸರು ನೀರಿನದು, ಗುಣ ಸಿಲಿಕೋನಿನದು. ಮುಂಗೈ ಮೇಲೆ ಎರಡರ ಒಂದೊಂದು ಹನಿ ಬೆರೆಸಿ ನೋಡಿ. ಒಡೆದು ಬೇರೆಯಾದರೆ ಆ ಜೋಡಿ ಬೇಡ. ಸನ್‌ಸ್ಕ್ರೀನ್ ಹಚ್ಚಿ ಅದು ಇಂಗುವ ಮೊದಲೇ ಆತುರಪಟ್ಟರೂ ಹೀಗೇ ಆಗುತ್ತದೆ.

6. ಅರಿಶಿನದ ಮರುದಿನ ಶೇಡ್ ನೋಡಬೇಡಿ

ಅರಿಶಿನ ಶಾಸ್ತ್ರದ ಹಳದಿ ಒಂದೇ ಸ್ನಾನಕ್ಕೆ ಹೋಗುವುದಿಲ್ಲ. ಆ ಚರ್ಮದ ಮೇಲೆ ಆರಿಸಿದ ಶೇಡ್ ಮದುವೆಯ ಹೊತ್ತಿಗೆ ಹೊಂದುವುದಿಲ್ಲ. ಟ್ರಯಲ್ ಮೊದಲೇ ಮುಗಿಸಿ. ಕಿಟಕಿಯ ಬೆಳಕಿನಲ್ಲಿ ದವಡೆಯ ಅಂಚಿಗೆ ಹಚ್ಚಿ, ಕತ್ತಿನ ಜೊತೆ ಹೋಲಿಸಿ, ಹತ್ತು ಹದಿನೈದು ನಿಮಿಷ ಕಾಯಿರಿ. ಗಾಳಿಗೆ, ಚರ್ಮದ ಜಿಡ್ಡಿಗೆ ಕೆಲವು ಫೌಂಡೇಶನ್ ಒಂದು ಶೇಡ್ ಕಂದುತ್ತವೆ. "ಸ್ವಲ್ಪ ಬೆಳ್ಳಗೆ ಮಾಡ್ಬಿಡಮ್ಮ" ಎಂದು ತಾಯಂದಿರು ಹೇಳುತ್ತಾರೆ. "ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಆದ್ರೆ ಆಲ್ಬಮ್ ನೋಡಿ ನೀವೇ ಬೇಜಾರು ಮಾಡ್ಕೋತೀರಮ್ಮ" ಎನ್ನುತ್ತೇನೆ. ಹುಡುಗಿಗೆ ಹೊಳಪೇ ಬೇಕಿದ್ದರೆ ಹಣೆಯ ನಡು, ಮೂಗಿನ ಗೆರೆಗೆ ಅರ್ಧ ಶೇಡ್ ತಿಳಿ. ಅದಕ್ಕೆ ಮೀರಿ ನಾನು ಹೋಗುವುದಿಲ್ಲ.

7. ವೇದಿಕೆ ಹತ್ತುವ ಮುಂಚೆ ಒಂದು ಫ್ಲ್ಯಾಶ್ ಫೋಟೊ

ಸಿಲಿಕಾ ಇರುವ ಬಿಳಿ ಪೌಡರ್, ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಕನ್ನಡಿಯಲ್ಲಿ ಏನೂ ಕಾಣದು, ಫೋಟೊದಲ್ಲಿ ಕಣ್ಣ ಕೆಳಗೆ ಬಿಳಿ ಚಂದ್ರ. ಫೋನಿನಲ್ಲೇ ಒಂದು ಫೋಟೊ ತೆಗೆದರೆ ಗೊತ್ತಾಗುತ್ತದೆ.

8. ಧಾರೆಯ ಬೇಸ್ ತೆಳ್ಳಗಿರಲಿ

ಬೆಳಗ್ಗೆ ಮುತ್ತೈದೆಯರು ಕೆನ್ನೆಗೆ ಅರಿಶಿನ ಹಚ್ಚುತ್ತಾರೆ, ತಲೆಗೆ ಜೀರಿಗೆ ಬೆಲ್ಲ ಬೀಳುತ್ತದೆ, ತಂದೆ ಧಾರೆ ಎರೆಯುವಾಗ ಕಣ್ಣು ತುಂಬುತ್ತದೆ. ದಪ್ಪ ಬೇಸ್ ಇಲ್ಲಿ ಬಿರುಕು ಬಿಟ್ಟು ಕಾಣುತ್ತದೆ, ತೆಳುವಾದದ್ದು ಮಾಸಿದರೂ ಗೊತ್ತಾಗುವುದಿಲ್ಲ. ಕರೆಕ್ಟರ್, ಸ್ಪಾಂಜಿನಲ್ಲಿ ಒಂದು ಪದರ, ಹಣೆ ಮೂಗು ಮೇಲ್ದುಟಿಗೆ ಪೌಡರ್, ಕೊನೆಗೆ ಸೆಟ್ಟಿಂಗ್ ಸ್ಪ್ರೇ. ಬೆವರಿದರೆ ಮೊದಲು ಟಿಶ್ಯೂ ಒತ್ತಿ, ಆಮೇಲೆ ಪೌಡರ್. ಬೆವರಿನ ಮೇಲೆ ಪೌಡರ್ ಬಿದ್ದರೆ ಹಿಟ್ಟು ಕಲಸಿದಂತೆ. ಮಂಗಳೂರಿನ ಸೆಕೆಗೆ ಮಾತ್ರ ನಾಲ್ಕನೆಯ ಮಾತನ್ನು ಮುರಿದು, ಪೌಡರನ್ನು ಕರೆಕ್ಟರ್, ಫೌಂಡೇಶನ್ ನಡುವೆಯೂ ಚೂರೇ ಚೂರು ಒತ್ತುತ್ತೇನೆ. ಬೇಸಿಗೆಯ ಕಲಬುರಗಿಯ ಒಣ ಬಿಸಿಗೆ ಅದೇ ಪೌಡರನ್ನು ಕಮ್ಮಿ ಮಾಡಿ ಮಾಯಿಶ್ಚರೈಸರ್‌ಗೆ ಹೆಚ್ಚು ಹೊತ್ತು ಕೊಡುತ್ತೇನೆ. ಪ್ಯಾಕೇಜ್ ದುಬಾರಿ ಎಂಬ ಕಾರಣಕ್ಕೆ ಧಾರೆಗೂ ಏರ್‌ಬ್ರಶ್ಶೇ ಬೇಕೆನ್ನುವವರಿಗೆ ಒಂದು ಮಾತು: ಕಣ್ಣೀರಿಳಿದು ಗೆರೆ ಬಿದ್ದರೆ ಅದನ್ನು ಮಂಟಪದಲ್ಲಿ ಕೂತು ತಿದ್ದುವುದು ಕಷ್ಟ.

9. ರಾತ್ರಿಯ ಬೇಸ್ ರಾತ್ರಿಯೇ ಹೋಗಬೇಕು

ಆರತಕ್ಷತೆ ಮುಗಿಯುವಾಗ ಸರಿರಾತ್ರಿ, ಮೂರ್ನಾಲ್ಕು ಗಂಟೆಗೆ ಮತ್ತೆ ಏಳಬೇಕು. "ಇದರ ಮೇಲೇ ಟಚಪ್ ಮಾಡಿಬಿಡಿ ಅಕ್ಕಾ" ಎನ್ನುವ ಹುಡುಗಿಯರುಂಟು. ಆಗದು. ಕ್ಲೆನ್ಸಿಂಗ್ ಬಾಮ್ ಅಥವಾ ಎಣ್ಣೆಯಿಂದ ಕರಗಿಸಿ ಒರೆಸಿ, ಆಮೇಲೆ ಫೇಸ್‌ವಾಶ್. ಬರೀ ಸೋಪಿಗೆ ವಾಟರ್‌ಪ್ರೂಫ್ ಬೇಸ್ ಜಗ್ಗುವುದಿಲ್ಲ. ಆ ಹೊತ್ತಿಗೆ ನಾವು ಮನೆ ಸೇರಿರುತ್ತೇವೆ. ಹಾಗಾಗಿ ಮದುಮಗಳ ತಂಗಿಯನ್ನೋ ಗೆಳತಿಯನ್ನೋ ಸಂಜೆಯೇ ಕರೆದು, ಬಾಮ್ ಡಬ್ಬಿ, ಎರಡು ಮೆತ್ತನೆ ಬಟ್ಟೆ ಕೈಗಿಟ್ಟು, ಹೇಗೆ ಒರೆಸಬೇಕೆಂದು ತೋರಿಸಿ ಹೊರಡುತ್ತೇನೆ.