ಮೇರಾ ಪೀಕ್ ಹತ್ತುವ ಮೊದಲು ಮಾಡಬೇಕಾದ ಲೆಕ್ಕ

ಭೌತಶಾಸ್ತ್ರ ಲ್ಯಾಬಿನ ನನ್ನ ಮೇಜಿನ ಗಾಜಿನ ಕೆಳಗೆ ಒಂದು ಫೋಟೊ ಇದೆ. ಹಿಮದ ಇಳಿಜಾರಿನಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಿಂತ ಮೂವರು. "ಸರ್, ಇದು ಎವರೆಸ್ಟಾ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅಲ್ಲ, ಅದು ನೇಪಾಳದ ಮೇರಾ ಪೀಕ್, ಎತ್ತರ 6,476 ಮೀಟರ್. ಈ ಸಲ ದ್ವಿತೀಯ ಪಿಯುಸಿಯ ನಾಲ್ವರು, "ಡಿಗ್ರಿ ಮುಗಿದ ಮೇಲೆ ನಾವೂ ಹೋಗಬೇಕು, ಹೇಗೆ ಪ್ಲಾನ್ ಮಾಡುವುದು ಹೇಳಿ ಸರ್" ಎಂದು ಪಟ್ಟು ಹಿಡಿದರು. ವರಾಂಡದಲ್ಲಿ ನಿಂತು ಹೇಳಿ ಮುಗಿಸುವ ವಿಷಯವಲ್ಲ. ನನ್ನ ತಪ್ಪನ್ನೂ ಸೇರಿಸಿ ಹೇಳಬೇಕಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ನೇಪಾಳದಲ್ಲಿ ಕೆಲವು ಶಿಖರಗಳಿಗೆ 'ಟ್ರೆಕ್ಕಿಂಗ್ ಪೀಕ್' ಎನ್ನುತ್ತಾರೆ. ಟ್ರೆಕ್ಕಿಂಗ್ ಎಂದಾಕ್ಷಣ ನಮಗೆ ಮುಳ್ಳಯ್ಯನಗಿರಿ, ಕುದುರೆಮುಖ ನೆನಪಾಗುತ್ತವೆ. ಆದರೆ ಅದು ಪರವಾನಗಿ ಕೊಡುವ ವಿಭಾಗದ ಹೆಸರು ಮಾತ್ರ. ದೊಡ್ಡ ಶಿಖರಗಳ ಪರವಾನಗಿ ಸರ್ಕಾರದ ಇಲಾಖೆಯಿಂದ ಬಂದರೆ, ಇವುಗಳದ್ದು ನೇಪಾಳ ಪರ್ವತಾರೋಹಣ ಸಂಘದಿಂದ ಬರುತ್ತದೆ. ಹತ್ತುವುದು ಸುಲಭ ಎಂಬ ಅರ್ಥ ಅದರಲ್ಲಿಲ್ಲ. ಮೇರಾದ ಮೇಲ್ಭಾಗ ಪೂರ್ತಿ ಹಿಮನದಿ. ಹಿಮದ ಅಡಿಯಲ್ಲಿ ಬಿರುಕುಗಳಿರುತ್ತವೆ, ಹಗ್ಗವಿಲ್ಲದೆ ಹೆಜ್ಜೆ ಇಡುವಂತಿಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮೇರಾಕ್ಕೆ ನಡಿಗೆ ಶುರುವಾಗುವ ಲುಕ್ಲಾ ಊರೇ 2,860 ಮೀಟರ್.

ಈಗ ಪಾಠಕ್ಕೆ ಬರೋಣ. "ಎತ್ತರದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇಕಡಾವಾರು ಕಡಿಮೆ" ಎಂದು ಉತ್ತರ ಪತ್ರಿಕೆಯಲ್ಲಿ ಬರೆಯುವವರಿಗೆ ನಾನು ಅಂಕ ಕೊಡುವುದಿಲ್ಲ. ಅಲ್ಲೂ ಆಮ್ಲಜನಕ ಶೇ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ವಾಯುಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸ ಇರುವ ಒತ್ತಡ ಮೇರಾ ತುದಿಯಲ್ಲಿ ಸುಮಾರು 345ಕ್ಕೆ ಇಳಿಯುತ್ತದೆ. ಸುಮಾರು ಶೇ 45 ಉಳಿಯಿತು ಎಂದುಕೊಂಡಿರಾ? ಇನ್ನೂ ಒಂದು ಹೆಜ್ಜೆ ಇದೆ. ಮೂಗಿನಿಂದ ಒಳಹೋದ ಗಾಳಿ ಶ್ವಾಸನಾಳದಲ್ಲಿ ಬೆಚ್ಚಗಾಗಿ ನೀರಾವಿಯಿಂದ ತುಂಬುತ್ತದೆ. ದೇಹದ ಉಷ್ಣತೆ 37 ಡಿಗ್ರಿಯಲ್ಲಿ ಆ ಆವಿಯ ಒತ್ತಡ 47 ಮಿ.ಮೀ. ಅದು ಮಂಗಳೂರಿನಲ್ಲೂ ಅಷ್ಟೇ, ಮೇರಾದಲ್ಲೂ ಅಷ್ಟೇ. ಹಾಗಾಗಿ ಕೆಳಗೆ 760ರಲ್ಲಿ 47 ಕಳೆದು 0.21ರಿಂದ ಗುಣಿಸಿದರೆ ಆಮ್ಲಜನಕದ ಆಂಶಿಕ ಒತ್ತಡ ಸುಮಾರು 150. ಮೇಲೆ 345ರಲ್ಲಿ 47 ಕಳೆದು ಗುಣಿಸಿದರೆ ಸುಮಾರು 63. ಅಂದರೆ ಕೆಳಗಿನದರ ಶೇ 42 ಮಾತ್ರ. ಡಾಲ್ಟನ್ ನಿಯಮ ಪರೀಕ್ಷೆಗೆ ಮಾತ್ರ ಎಂದು ತಿಳಿದವರು ಇದನ್ನು ಇನ್ನೊಮ್ಮೆ ಓದಿ.

ಈ ಕೊರತೆಗೆ ದೇಹ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ನಿಧಾನದಲ್ಲಿ. ಉಸಿರಾಟ ಹೆಚ್ಚಾಗಬೇಕು, ಅದಕ್ಕೆ ತಕ್ಕಂತೆ ಮೂತ್ರಪಿಂಡಗಳು ರಕ್ತದ ಕ್ಷಾರತೆ ಸರಿಪಡಿಸಬೇಕು. ಇದಕ್ಕೆಲ್ಲ ದಿನಗಳು ಬೇಕು. ಪರ್ವತ ವೈದ್ಯರು ಹೇಳುವ ನಿಯಮ ಇದು: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಎಷ್ಟು ಎತ್ತರ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ.

ಈ ನಿಯಮ ನನಗೆ ಮೊದಲ ಸಲವೂ ಗೊತ್ತಿತ್ತು. ಆದರೆ ರಜೆ ಕಡಿಮೆ ಇತ್ತು. ದಸರಾ ರಜೆಗೆ ನಾಲ್ಕು ಸಿ.ಎಲ್. ಸೇರಿಸಿ ನಾನು ಮತ್ತು ಬೇರೊಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳೆಯ ಹೊರಟೆವು. ಏಜೆನ್ಸಿಯವರು ಎರಡು ದಾರಿ ತೋರಿಸಿದ್ದರು. ಒಂದು ದಕ್ಷಿಣಕ್ಕೆ ಸುತ್ತಿ ಪಂಗೋಮ್ ಮೇಲೆ ಹೋಗುವುದು. ಇನ್ನೊಂದು ಲುಕ್ಲಾದಿಂದ ನೇರ ಝತ್ರ್ವಾ ಲಾ ಎಂಬ 4,600 ಮೀಟರ್‌ನ ಕಣಿವೆದಾರಿ ದಾಟುವುದು. ಎರಡನೆಯದರಲ್ಲಿ ಮೂರು ನಾಲ್ಕು ದಿನ ಉಳಿತಾಯ, ಹಣವೂ ಉಳಿತಾಯ. ಅದನ್ನೇ ಆರಿಸಿದವನು ನಾನು.

ಆ ದಾರಿಯಲ್ಲಿ ಒಂದು ರಾತ್ರಿ 3,400ರ ಆಸುಪಾಸಿನಲ್ಲಿ ಮಲಗಿದರೆ, ಮರುದಿನ ಕಣಿವೆದಾರಿ ದಾಟಿ ಥುಲಿ ಖರ್ಕಾದಲ್ಲಿ 4,300ರಲ್ಲಿ ಮಲಗಬೇಕು. ಒಂದೇ ರಾತ್ರಿಗೆ 900 ಮೀಟರ್ ಏರಿಕೆ. ಗೆಳೆಯ ಅಂದು ಸಂಜೆ ಊಟ ಬೇಡವೆಂದ. ತಲೆನೋವು, ಆಮೇಲೆ ವಾಂತಿ. ರಾತ್ರಿ ಹತ್ತಕ್ಕೆ ಗೈಡ್ ಅವನನ್ನು ಎಬ್ಬಿಸಿ, ನೆಲದ ಮೇಲೆ ಹಗ್ಗ ಹಾಸಿ, ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರ ನಡೆಯಲು ಹೇಳಿದ. ಎರಡು ಹೆಜ್ಜೆಗೇ ಅವನು ಗೋಡೆಗೆ ಒರಗಿದ. ಕುಡಿದವನಂತೆ ತೂರಾಡುವುದು ಮಿದುಳಿನಲ್ಲಿ ನೀರು ತುಂಬುತ್ತಿರುವ ಲಕ್ಷಣ. ಅದಕ್ಕೆ ನಿಜವಾದ ಮದ್ದು ಇಳಿಯುವುದು, ಆ ಕ್ಷಣದಲ್ಲೇ.

ಇಳಿಯುವುದು ಎಲ್ಲಿಗೆ? ಲುಕ್ಲಾ ಕಡೆಗೆ ಹೋಗಬೇಕಾದರೆ ಮೊದಲು 4,600ಕ್ಕೆ ಹತ್ತಬೇಕು. ಬಂದ ದಾರಿ ಮುಚ್ಚಿದ ಹಾಗೆಯೇ. ನಕ್ಷೆ ನೋಡುತ್ತಾ ಮನೆಯಲ್ಲಿ ಕುಳಿತಾಗ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಕೊನೆಗೆ ಮುಂದಕ್ಕೇ, 3,600ರಲ್ಲಿರುವ ಕೋಥೆ ಹಳ್ಳಿಗೆ, ಟಾರ್ಚ್ ಬೆಳಕಿನಲ್ಲಿ ಅವನನ್ನು ಇಬ್ಬರು ಹಿಡಿದುಕೊಂಡು ಇಳಿಸಿದೆವು. ಬೆಳಗಾಗುವ ಹೊತ್ತಿಗೆ ಅವನು ನನ್ನ ಹೆಸರು ಸರಿಯಾಗಿ ಹೇಳಿದ. ಹೆಲಿಕಾಪ್ಟರ್ ಬಂತು, ಕಠ್ಮಂಡುವಿನ ಆಸ್ಪತ್ರೆಯಲ್ಲಿ ಗುಣಮುಖನಾದ. ವಿಮಾ ಕಂಪನಿ ಮಾತ್ರ ಒಂದು ರೂಪಾಯಿಯನ್ನೂ ಕೊಡಲಿಲ್ಲ. ನಮ್ಮ ಪಾಲಿಸಿಯ ಸಣ್ಣಕ್ಷರದಲ್ಲಿ ಪರ್ವತಾರೋಹಣವನ್ನು ಹೊರಗಿಟ್ಟಿದ್ದರು, ನಾವು ಓದಿರಲಿಲ್ಲ. ಸೊಸೈಟಿ ಸಾಲ ತೀರಿಸಲು ನನಗೆ ಎರಡು ವರ್ಷ ಬೇಕಾಯಿತು.

ಎರಡನೇ ಸಲ ವಾರ್ಷಿಕ ಪರೀಕ್ಷೆ, ಮೌಲ್ಯಮಾಪನ ಮುಗಿಸಿ ಏಪ್ರಿಲ್ ಕೊನೆಗೆ ಹೊರಟೆವು. ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ, ಅದು ಮುಗಿದ ಮೇಲಿನ ಅಕ್ಟೋಬರ್-ನವೆಂಬರ್, ಇವೇ ಅಲ್ಲಿನ ಹಂಗಾಮು. ಈ ಬಾರಿ ಯೋಜನೆಯನ್ನು ಗ್ರಾಫ್ ಹಾಳೆಯ ಮೇಲೆ ಮಾಡಿದೆ. ಅಡ್ಡಕ್ಕೆ ದಿನ, ನೇರಕ್ಕೆ ಮಲಗುವ ಎತ್ತರ. ಪಂಗೋಮ್ ದಾರಿಯಲ್ಲಿ ಮೊದಲ ನಾಲ್ಕು ರಾತ್ರಿಗಳೂ 3,000ದ ಒಳಗೇ ಬಂದವು. ಆಮೇಲೆ ಕೋಥೆಯಲ್ಲಿ ಎರಡು ರಾತ್ರಿ, 4,350ರ ತಂಗ್ನಾಗ್‌ನಲ್ಲಿ ಎರಡು, 5,000ದ ಖಾರೆಯಲ್ಲಿ ಮೂರು. ಖಾರೆಯಲ್ಲಿದ್ದಾಗ ಒಂದು ದಿನ ಮೇರಾ ಲಾ ತನಕ, ಅಂದರೆ 5,415ರವರೆಗೆ, ಹತ್ತಿ ಇಳಿದು ಬರುವುದು. 5,800ರ ಹೈ ಕ್ಯಾಂಪ್‌ನಲ್ಲಿ ಒಂದೇ ರಾತ್ರಿ. ಕೋಥೆಯಿಂದ ಮೇಲೆ ಮೂರು ಕಡೆ ನಿಯಮ ಮೀರುತ್ತದೆ, ಕೋಥೆಯಿಂದ ತಂಗ್ನಾಗ್‌ಗೆ, ತಂಗ್ನಾಗ್‌ನಿಂದ ಖಾರೆಗೆ ಮತ್ತು ಖಾರೆಯಿಂದ ಹೈ ಕ್ಯಾಂಪ್‌ಗೆ. ನಡುವೆ ಮಲಗಲು ಅನುಕೂಲದ ಜಾಗವಿಲ್ಲ. ಆದ್ದರಿಂದಲೇ ಮುಂಚೆ ಹೆಚ್ಚುವರಿ ರಾತ್ರಿಗಳು. ಝತ್ರ್ವಾ ಲಾ ಈಗಲೂ ದಾಟಿದೆವು, ಆದರೆ ವಾಪಸಾಗುವಾಗ, ದೇಹ ಒಗ್ಗಿದ ಮೇಲೆ.

ಮೀಸಲು ದಿನ ಬಿಡದ ಯಾವ ಯೋಜನೆಯನ್ನೂ ಒಪ್ಪಬೇಡಿ. ಲುಕ್ಲಾದ ರನ್‌ವೇ 527 ಮೀಟರ್ ಮಾತ್ರ, ಅದೂ ಇಳಿಜಾರು. ಮೋಡ ಕವಿದರೆ ವಿಮಾನವಿಲ್ಲ. ಹಂಗಾಮಿನಲ್ಲಿ ವಿಮಾನ ಬಹುಪಾಲು ಕಠ್ಮಂಡುವಿನಿಂದಲ್ಲ, ನಾಲ್ಕೈದು ಗಂಟೆ ರಸ್ತೆಯಲ್ಲಿ ಹೋಗಿ ರಾಮೇಛಾಪ್‌ನಿಂದ ಹತ್ತಬೇಕು. ನಾನು ಶಿಖರಕ್ಕೆ ಎರಡು, ವಿಮಾನಕ್ಕೆ ಎರಡು ದಿನ ಇಟ್ಟಿದ್ದೆ.

ಏಜೆನ್ಸಿಯ ಬಳಿ ಕೇಳಬೇಕಾದದ್ದು ದರ ಮಾತ್ರವಲ್ಲ. ಒಬ್ಬ ಕ್ಲೈಂಬಿಂಗ್ ಗೈಡ್‌ಗೆ ಎಷ್ಟು ಜನ? ಒಬ್ಬನಿಗೆ ಅನಾರೋಗ್ಯವಾದರೆ ಅವನೊಂದಿಗೆ ಇಳಿಯುವವರು ಯಾರು, ಉಳಿದವರ ಹಗ್ಗ ಹಿಡಿಯುವವರು ಯಾರು? ಆಮ್ಲಜನಕದ ಸಿಲಿಂಡರ್ ಇದೆಯೇ? ನಮ್ಮ ಹೊರೆ ಹೊರುವವರಿಗೆ ಬೆಚ್ಚನೆಯ ಬಟ್ಟೆ, ಬೂಟು, ವಿಮೆ ಇದೆಯೇ? ಕೊನೆಯ ಪ್ರಶ್ನೆಗೆ ತಡವರಿಸಿದ ಒಂದು ಏಜೆನ್ಸಿಯನ್ನು ನಾನು ಅಲ್ಲಿಗೇ ಬಿಟ್ಟೆ. ವಿಮೆ 6,500 ಮೀಟರ್‌ವರೆಗಿನ ಪರ್ವತಾರೋಹಣಕ್ಕೂ ಹೆಲಿಕಾಪ್ಟರ್‌ಗೂ ಅನ್ವಯಿಸುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಅನೇಕ ಪಾಲಿಸಿಗಳು 6,000ಕ್ಕೇ ನಿಲ್ಲುತ್ತವೆ. ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವ ನಿಮ್ಮ ವಯಸ್ಸಿನವರಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಡೈಮಾಕ್ಸ್ ಮಾತ್ರೆ ಬಗ್ಗೆ ವೈದ್ಯರನ್ನೇ ಕೇಳಿ, ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನಲ್ಲ.

ತಯಾರಿಗೆ ನಾನು ಮಾಡಿದ್ದು ದೊಡ್ಡದೇನಲ್ಲ. ಆರು ತಿಂಗಳು, ವಾರಕ್ಕೆ ನಾಲ್ಕು ದಿನ, ಬೆನ್ನಿಗೆ ಹನ್ನೆರಡು ಕೆ.ಜಿ. ಹೊತ್ತು ಕಾಲೇಜಿನ ಮೆಟ್ಟಿಲು ಹತ್ತಿ ಇಳಿದೆ. ವಾಚ್‌ಮನ್ ಮೊದಮೊದಲು ಏನೋ ಹೊತ್ತೊಯ್ಯುತ್ತಿದ್ದಾರೆ ಎಂದುಕೊಂಡಿದ್ದನಂತೆ. ನಿಮಗೆ ಸಮಯವಿದೆ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ ಅಥವಾ ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್‌ನಲ್ಲಿ ಬೇಸಿಕ್ ಕೋರ್ಸ್ ಮಾಡಿ. ಕ್ರ್ಯಾಂಪಾನ್ ಕಟ್ಟುವುದನ್ನು ಶಿಖರದ ಹಿಂದಿನ ದಿನ ಕಲಿಯಬಾರದು.

ಗೆಳೆಯನೂ ಎರಡನೇ ಸಲ ಬಂದ, ವೈದ್ಯರ ಒಪ್ಪಿಗೆ ಪಡೆದು. ಖಾರೆಯವರೆಗೆ ಮಾತ್ರ ಎಂದು ಮೊದಲೇ ಹೇಳಿದ್ದ. ಹೈ ಕ್ಯಾಂಪ್‌ಗೆ ಹೊರಡಬೇಕಿದ್ದ ದಿನ ಗಾಳಿ ನಿಲ್ಲಲಿಲ್ಲ, ಒಂದು ಮೀಸಲು ದಿನ ಖಾರೆಯಲ್ಲೇ ಖರ್ಚಾಯಿತು. ಮುಂದಿನ ರಾತ್ರಿ ಹೈ ಕ್ಯಾಂಪ್‌ನಿಂದ ಎರಡು ಗಂಟೆಗೆ ಹೊರಟು, ಒಂಬತ್ತಕ್ಕೆ ಎಲ್ಲಿದ್ದರೂ ತಿರುಗುವುದು ಎಂದು ಗೈಡ್ ಜೊತೆ ಮಾತಾಗಿತ್ತು. ಎಂಟೂವರೆಗೆ ತುದಿ ಮುಟ್ಟಿದೆವು. ಎವರೆಸ್ಟ್, ಲೋತ್ಸೆ, ಮಕಾಲು ಎದುರಿಗೇ ಇದ್ದವು. ಹತ್ತು ನಿಮಿಷ ನಿಂತು ಇಳಿದೆವು.

ಮಧ್ಯಾಹ್ನ ಖಾರೆ ತಲುಪಿದಾಗ ಗೆಳೆಯ ಲಾಡ್ಜ್ ಬಾಗಿಲಲ್ಲೇ ಕಾಯುತ್ತಿದ್ದ. ಅಭಿನಂದನೆ ಹೇಳುವ ಮೊದಲು ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. ಆಮೇಲೆ ನೆಲದ ಮೇಲೆ ಹಗ್ಗ ಹಾಸಿ, "ನಡಿ ಮಾರಾಯ, ನೋಡುವ" ಎಂದ.