ಜಪಾನಿನ ಇಂಗ್ಲಿಷ್ ತರಗತಿ: ಮೊದಲ ತಿಂಗಳುಗಳ ಟಿಪ್ಪಣಿ

ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಹೊರದೇಶದ ಪದವೀಧರರನ್ನು ಇಂಗ್ಲಿಷಿಗೆ ಸಹಾಯಕ ಭಾಷಾ ಶಿಕ್ಷಕರನ್ನಾಗಿ ತೆಗೆದುಕೊಳ್ಳುವ ಪದ್ಧತಿಯಿದೆ. 1987ರಲ್ಲಿ ಆರಂಭವಾದ ಜೆಟ್ ಕಾರ್ಯಕ್ರಮದಿಂದ ಇದು ವ್ಯಾಪಕವಾಯಿತು. ತರಗತಿಯ ಹೊಣೆ ಜಪಾನಿ ಶಿಕ್ಷಕರದು. ಸಹಾಯಕರದು ಜೊತೆಯಲ್ಲಿ ನಿಂತು ಓದಿಸುವ, ಮಾತನಾಡಿಸುವ ಕೆಲಸ. ನಮ್ಮ 7, 8, 9ನೇ ತರಗತಿಗಳಿಗೆ ಸಮನಾದ ಶಾಲೆಯೊಂದರಲ್ಲಿ ನಾನೀಗ ಅಂಥ ಸಹಾಯಕಿ. ಬೋಧನಾಭ್ಯಾಸಕ್ಕೆ ಹೊರಟಿರುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದಾದುದನ್ನಷ್ಟೇ ಬರೆಯುತ್ತೇನೆ. ಚಳಿ, ಊಟ, ಬಾಡಿಗೆ ಮನೆಯ ಕಥೆ ಇಲ್ಲಿ ಬೇಡ.

50 ನಿಮಿಷದ ಅವಧಿ. ಮಕ್ಕಳು ಎದ್ದು ನಿಂತು, ಬಾಗಿ ನಮಸ್ಕರಿಸಿ, ಕೂರುತ್ತಾರೆ. ಆಮೇಲೆ ಮೌನ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಹತ್ತು ಕೈ ಮೇಲೇಳುತ್ತವೆ, ಇಲ್ಲವೇ ಇಡೀ ತರಗತಿ ಒಕ್ಕೊರಲಿನಿಂದ ‘ಎಸ್ ಮಿಸ್’ ಎನ್ನುತ್ತದೆ. ಇಲ್ಲಿ ಹೆಸರು ಹಿಡಿದು ಕೇಳಿದರೆ ಮಗು ಎದ್ದು ನಿಂತು, ತಲೆ ಓರೆ ಮಾಡಿ, ಪಕ್ಕದವರೊಡನೆ ಪಿಸುಗುಟ್ಟಿ, ನಂತರ ಒಂದೇ ಪದ ಹೇಳಿ ಕೂರುತ್ತದೆ. ವೀಕ್ಷಣಾ ಪಟ್ಟಿಯಲ್ಲಿ ‘ವಿದ್ಯಾರ್ಥಿಗಳ ಭಾಗವಹಿಸುವಿಕೆ’ ಎಂಬ ಅಂಕಣ ತುಂಬುವವರು ಇದಕ್ಕೆ ಎಷ್ಟು ಅಂಕ ಕೊಟ್ಟಾರು! ಆದರೆ ಅದೇ ಮಕ್ಕಳ ಬರವಣಿಗೆ ನೋಡಿದರೆ ಉತ್ತರ ಗೊತ್ತಿಲ್ಲದೆ ಸುಮ್ಮನಿರುವವರಲ್ಲ ಎಂದು ತಿಳಿಯುತ್ತದೆ. ಎಲ್ಲರೆದುರು ತಪ್ಪಾಡಬಾರದೆಂಬ ಎಚ್ಚರ ಅದು.

ಅಮೆರಿಕದ ವಿಜ್ಞಾನ ತರಗತಿಗಳನ್ನು ಗಮನಿಸಿದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ತೋರಿಸಿದ್ದರು. ಇಲ್ಲಿ 3 ಸೆಕೆಂಡ್ ಏನೂ ಸಾಲದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಮೊದಲು ಪಕ್ಕದವರೊಡನೆ ಮಾತಾಡಿಕೊಳ್ಳಲು ಒಂದು ನಿಮಿಷ ಕೊಟ್ಟು, ಆಮೇಲೆ ಕೇಳುತ್ತೇನೆ. ಪಿಸುಗುಟ್ಟುವುದು ಹೇಗೂ ನಡೆಯುತ್ತದಲ್ಲ, ಅದಕ್ಕೇ ಅನುಮತಿ ಕೊಟ್ಟಂತಾಯಿತು.

ಎರಡನೆಯ ವಾರ ಹುಡುಗನೊಬ್ಬ ಕೇಳಿದ: ಇಂಗ್ಲಿಷ್ ನಿಮ್ಮ ಮಾತೃಭಾಷೆಯೇ? ಅಲ್ಲ, ಕನ್ನಡ, ನಾನೂ 5ನೇ ತರಗತಿಯಲ್ಲಿ ಎ ಬಿ ಸಿ ಕಲಿತವಳು ಎಂದೆ. ತರಗತಿಯಲ್ಲಿ ಗುಸುಗುಸು ಹಬ್ಬಿತು. ಮಾತೃಭಾಷೆಯಾಗಿ ಇಂಗ್ಲಿಷ್ ಆಡುವವರೇ ಬೇಕೆಂಬ ನಿರೀಕ್ಷೆ ಇಲ್ಲಿನ ಪೋಷಕರಲ್ಲಿ ಕೆಲವರಿಗಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನನ್ನ ಕನ್ನಡವೇ ಇಲ್ಲಿ ನನಗೆ ದೊಡ್ಡ ಬೋಧನೋಪಕರಣವಾಗಿದೆ.

‘ನಾನು ನಿನ್ನೆ ಶಾಲೆಗೆ ಬಸ್ಸಿನಲ್ಲಿ ಬಂದೆ’ ಎಂಬುದಕ್ಕೆ ಜಪಾನಿಯಲ್ಲಿ ‘ವತಾಶಿ ವಾ ಕಿನೋ ಗಕ್ಕೋ ನಿ ಬಸು ದೆ ಕಿಮಾಶಿತಾ’ ಎನ್ನುತ್ತಾರೆ. ಪದಕ್ರಮ ನಮ್ಮದೇ, ‘ಗೆ’ ಇದ್ದಲ್ಲಿ ‘ನಿ’, ‘ಅಲ್ಲಿ’ ಇದ್ದಲ್ಲಿ ‘ದೆ’, ಕ್ರಿಯಾಪದ ಕೊನೆಗೆ. ಹೀಗಾಗಿ ಮಗು ಕ್ರಿಯಾಪದವನ್ನು ವಾಕ್ಯದ ತುದಿಗೆ ಸರಿಸಿದರೆ, ‘ಎ’, ‘ದಿ’ಗಳನ್ನು ಬಿಟ್ಟರೆ, ಆ ತಪ್ಪು ಎಲ್ಲಿಂದ ಬಂತೆಂದು ನನಗೆ ವಿವರಿಸಬೇಕಿಲ್ಲ.

ಉಚ್ಚಾರಣೆಯದು ಇನ್ನೂ ಸ್ವಾರಸ್ಯ. ಜಪಾನಿ ಪದಗಳು ಸ್ವರದಲ್ಲೋ ಅನುನಾಸಿಕದಲ್ಲೋ ಕೊನೆಯಾಗುತ್ತವೆ. ಒತ್ತಕ್ಷರಗಳ ಗುಂಪು ಒಗ್ಗುವುದಿಲ್ಲ. ನಾವು ಬಸ್ಸು, ಪೆನ್ನು, ಡೆಸ್ಕು ಎಂದು ಉಕಾರ ಸೇರಿಸುವಂತೆ ಅವರು ಬಸು, ಪೆನ್, ದೆಸುಕು ಎನ್ನುತ್ತಾರೆ. ನಮ್ಮ ಹಳ್ಳಿಯ ‘ಇಸ್ಕೂಲು’ ಇಲ್ಲಿ ‘ಸುಕೂರು’. ಕಷ್ಟವೊಂದೇ, ದಾರಿ ಎರಡು.

ಬೇಸ್‌ಬಾಲಿನ ‘ಸ್ಟ್ರೈಕ್’ ಪದವನ್ನೇ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಅದು ಒಂದೇ ಉಚ್ಚಾರಾಂಶ. ಮಕ್ಕಳ ಬಾಯಲ್ಲಿ ಸು-ತೊ-ರ-ಇ-ಕು, ಐದು ಮಾತ್ರೆ. ಛಂದಸ್ಸಿನ ಪಾಠದಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದ್ದೆವಲ್ಲ, ಹೆಚ್ಚುಕಡಿಮೆ ಆ ಲೆಕ್ಕವೇ. ಹೈಕುವಿನ 5-7-5 ಕೂಡ ಹೀಗೇ ಎಣಿಸಿದ್ದು. ಅವರ ಪದಕ್ಕೆ ಐದು ಚಪ್ಪಾಳೆ, ಇಂಗ್ಲಿಷ್ ಪದಕ್ಕೆ ಒಂದು. ಐದನ್ನು ಒಂದರೊಳಗೆ ತುರುಕಲು ಹೋಗಿ ತರಗತಿಯೇ ನಕ್ಕಿತು. ಅಂದು ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಚಪ್ಪಾಳೆಯ ಜೊತೆ ಮೂರು ಬಾರಿ ಹೇಳಿದಳು, ಮೂರನೆಯದು ಸರಿಯಾಗಿತ್ತು.

ಮುಖ್ಯ ಶಿಕ್ಷಕಿಗೂ ನನಗೂ ಒಂದು ವಿಷಯದಲ್ಲಿ ಒಮ್ಮತವಿಲ್ಲ. ನಮ್ಮ ಮಕ್ಕಳು ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುವಂತೆ ಇಲ್ಲಿಯವರು ಕತಕಾನ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಅದು ಕೂಡದೆಂಬುದು ಅವರ ನಿಲುವು. ಉಚ್ಚಾರಣೆ ಅಲ್ಲಿಯೇ ಕೆಡುತ್ತದೆ, ಪ್ರವೇಶ ಪರೀಕ್ಷೆಯ ಆಲಿಸುವ ಭಾಗದಲ್ಲಿ ತೊಂದರೆಯಾಗುತ್ತದೆ ಎನ್ನುತ್ತಾರೆ. ಅದು ತೆಗೆದುಹಾಕುವಂಥ ಮಾತಲ್ಲ. ಆದರೆ ಆ ಊರುಗೋಲಿಲ್ಲದೆ ಹಿಂದಿನ ಬೆಂಚಿನವರು ಓದಲು ಏಳುವುದೇ ಇಲ್ಲ. ಮೊದಲ ಓದಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ, ಚಪ್ಪಾಳೆ ಅಭ್ಯಾಸದ ನಂತರ ಎರಡನೆಯ ಓದಿಗೆ ಮೊದಲು ಅಳಿಸಲಿ ಎಂದು ಸೂಚಿಸಿದ್ದೇನೆ. ಮುಂದಿನ ಘಟಕದಲ್ಲಿ ಒಂದು ವಿಭಾಗದಲ್ಲಿ ಮಾಡಿ ನೋಡೋಣ ಎಂದು ಅವರು ಒಪ್ಪಿದ್ದಾರೆ. ಇನ್ನೊಂದು ವಿಭಾಗ ಅವರ ಕ್ರಮದಲ್ಲೇ ನಡೆಯುತ್ತದೆ.